ಸಮ್ಮೇಳನದ ಗಡುವೂ ಸಂಶೋಧನೆಯ ಅವಧಿಯೂ: ಐದು ತಾಲ್ಲೂಕುಗಳ ಇತಿಹಾಸ ಪ್ರಬಂಧಗಳನ್ನು ಕುರಿತು

೧

ಇತಿಹಾಸ ಸಮ್ಮೇಳನಗಳು ನಮಗೆ ಹೊಸವಲ್ಲ. ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ಮೊದಲ ಅಧಿವೇಶನ ೧೯೩೫ರಲ್ಲಿ ಪುಣೆಯಲ್ಲಿ ಸೇರಿತು. ಕನ್ನಡದಲ್ಲಿಯೇ ಪ್ರಬಂಧವನ್ನೋದಿ ಚರ್ಚಿಸುವ ಅವಕಾಶವನ್ನು ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಗಳೂ ಅದರ ‘ಇತಿಹಾಸ ದರ್ಶನ’ ಸಂಪುಟಗಳೂ ಒದಗಿಸಿಕೊಟ್ಟಿವೆ. ಊರೂರಿನ ಅಧ್ಯಾಪಕನು ತನ್ನ ನೆರೆಯ ಕಲ್ಲಿನಲ್ಲಿ ಕಂಡುದನ್ನು ತಂದು ವಿದ್ವತ್ಸಭೆಯ ಮುಂದಿಡುವುದು, ಸಭೆ ಅದನ್ನು ಒರೆಗೆ ಹಚ್ಚುವುದು, ಒರೆಗೆ ನಿಂತದ್ದು ಅಚ್ಚಾಗಿ ಉಳಿಯುವುದು: ಇದೇ ಇಂಥ ಸಮ್ಮೇಳನಗಳ ಮೂಲೋದ್ದೇಶ. ಈ ಉದ್ದೇಶದಿಂದ ನಾಡಿಗೆ ಆಗಿರುವ ಉಪಕಾರ ಅಲ್ಪವಲ್ಲ.

ಆದರೆ ಈಚಿನ ವರ್ಷಗಳಲ್ಲಿ ಸಮ್ಮೇಳನಗಳ ಸಂಖ್ಯೆ ಬೆಳೆದಂತೆ ಒಂದು ಹೊಸ ಬಗೆಯ ಪ್ರಬಂಧ ಹುಟ್ಟಿಕೊಂಡಿದೆ. ಆಹ್ವಾನಪತ್ರಿಕೆ ಬಂದ ಮೇಲೆ ವಿಷಯವನ್ನು ಆರಿಸಿಕೊಂಡು, ಗಡುವಿನ ಹಿಂದಿನ ದಿನ ಬರೆಯತೊಡಗಿ, ಗಡುವನ್ನು ಮುಂದೂಡಿದ ಪ್ರಕಟಣೆಯನ್ನು ನಂಬಿ ಮತ್ತೆರಡು ದಿನ ಎಳೆದು, ಕೊನೆಗೆ ಕಳುಹಿಸಿಬಿಡುವ ಪ್ರಬಂಧ ಅದು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಇತಿಹಾಸವನ್ನು ಕುರಿತು ಬರುವ ಪ್ರಬಂಧಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಪದ್ಧತಿಯ ಗುಣದೋಷಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಯಾವ ಲೇಖಕರನ್ನೂ ಯಾವ ಸಂಸ್ಥೆಯನ್ನೂ ಇಲ್ಲಿ ಹೆಸರಿಸಿಲ್ಲ. ದೋಷ ವ್ಯಕ್ತಿಗಳದ್ದಕ್ಕಿಂತ ಹೆಚ್ಚಾಗಿ ಪದ್ಧತಿಯದು.

೨

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೊನೆಯ ದಿನ ಬರೆದದ್ದು ಬೇರೆ, ಕೊನೆಯ ದಿನ ಹುಡುಕಿದ್ದು ಬೇರೆ. ಹತ್ತು ವರ್ಷ ಒಂದು ಸೀಮೆಯನ್ನು ಸುತ್ತಿ ಟಿಪ್ಪಣಿ ಮಾಡಿಕೊಂಡವನು ಒಂದೇ ರಾತ್ರಿಯಲ್ಲಿ ಆರು ಪುಟ ಬರೆದು ಕಳುಹಿಸಿದರೆ ಅದನ್ನು ಆತುರದ ಸಂಶೋಧನೆ ಎನ್ನಲಾಗದು. ಆ ರಾತ್ರಿಯ ಹಿಂದೆ ಹತ್ತು ವರ್ಷಗಳಿವೆ. ಇನ್ನೊಬ್ಬನು ಮೂರು ತಿಂಗಳು ಮೊದಲೇ ಬರೆದು ಕಳುಹಿಸಿದ್ದರೂ ಮೂಲವನ್ನು ನೋಡದೆ ಮೂರು ಪುಸ್ತಕಗಳಿಂದ ಎತ್ತಿ ಹೊಲಿದಿದ್ದರೆ ಅದು ಆತುರದ್ದೇ. ಹೀಗಿರುವಲ್ಲಿ ಪ್ರಬಂಧ ಗಡುವಿಗೆ ಎಷ್ಟು ದಿನ ಮೊದಲು ಬಂದಿತೆಂಬುದು ಅದರ ಯೋಗ್ಯತೆಯ ಅಳತೆಯಾಗಲಾರದು. ಅದರ ಸಾಮಗ್ರಿ ಎಂದಿನದು, ಎಲ್ಲಿಯದು, ಯಾರು ಕಣ್ಣಾರೆ ಕಂಡದ್ದು ಎಂಬುದೇ ಅಳತೆ.

ಈ ಅಳತೆಯನ್ನು ಬಳಸಲು ಐದು ತಾಲ್ಲೂಕುಗಳ ಇತಿಹಾಸ ಬಹಳ ಅನುಕೂಲವಾದ ಕ್ಷೇತ್ರ. ಏಕೆಂದರೆ ಇಲ್ಲಿ ಆತುರದವನು ಎಡವುವ ಕಲ್ಲುಗಳು ಹೆಜ್ಜೆ ಹೆಜ್ಜೆಗೂ ಇವೆ.

೩

ಹೆಸರುಗಳಿಂದಲೇ ಆರಂಭಿಸೋಣ. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಪ್ರಸಿದ್ಧವಾದವು. ಬ್ಯೂಲರ್ ಅವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಬರುವ ‘ಸಾತಾಹನಿ ರಟ್ಠ’ದ ಉಲ್ಲೇಖ ಈ ಪ್ರದೇಶದ ಪ್ರಾಚೀನ ಭೂಗೋಳಕ್ಕೆ ಮುಖ್ಯವಾದ ಆಧಾರ. ಆ ತಾಮ್ರಪಟಗಳು ದೊರೆತದ್ದು ಹಿರೇಹಡಗಲಿಯಲ್ಲಿ. ತಾಲ್ಲೂಕಿನ ಕೇಂದ್ರವಾದ ಹೂವಿನ ಹಡಗಲಿಯಲ್ಲಿ ಅಲ್ಲ. ಎರಡೂ ಊರುಗಳಲ್ಲಿ ಕಲ್ಲೇಶ್ವರನ ಗುಡಿಗಳಿರುವುದರಿಂದ, ಊರನ್ನು ನೋಡದೆ ಬರೆಯುವವನು ಒಂದರ ಶಾಸನವನ್ನು ಇನ್ನೊಂದಕ್ಕೂ ಒಂದರ ಗುಡಿಯನ್ನು ಇನ್ನೊಂದಕ್ಕೂ ಅಂಟಿಸುವುದು ಸುಲಭ. ಅದರಂತೆಯೇ ಮರುಳಸಿದ್ಧೇಶ್ವರನ ಕ್ಷೇತ್ರವೂ ವೀರಶೈವ ಪಂಚಪೀಠಗಳಲ್ಲೊಂದೂ ಆದ ಉಜ್ಜಿನಿ ಕೊಟ್ಟೂರಿನ ಸೀಮೆಯಲ್ಲಿದೆ. ಮಾಳವದ ಉಜ್ಜಯಿನಿ ಬೇರೆ. ವೇದಾವತಿಯೆಂಬ ಹಗರಿ ಒಂದು, ಹಗರಿಬೊಮ್ಮನಹಳ್ಳಿಯ ಕಡೆ ಹರಿಯುವ ಚಿಕ್ಕಹಗರಿ ಮತ್ತೊಂದು. ಈ ಭಾಗದಲ್ಲಿ ಒಮ್ಮೆ ಓಡಾಡಿದವನಿಗೆ ಈ ಭೇದಗಳನ್ನು ಹೇಳಿಕೊಡಬೇಕಾಗಿಲ್ಲ. ಮೇಜಿನ ಮುಂದೆ ಕುಳಿತು ಒಂದೇ ರಾತ್ರಿಯಲ್ಲಿ ಬರೆಯುವವನಿಗೆ ಮಾತ್ರ ಅವು ಗೋಚರವಾಗುವುದಿಲ್ಲ.

ಅರಸರ ಬಿರುದುಗಳ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳಲ್ಲಿ ಕ್ರಿ.ಶ. ೯೮೭ರ ಸುಮಾರಿನ ‘ಆಹವಮಲ್ಲ’ನ ಉಲ್ಲೇಖವಿದೆ, ಅವನು ಕಲ್ಯಾಣ ಚಾಳುಕ್ಯ ವಂಶದ ಇಮ್ಮಡಿ ತೈಲಪ. ಹಡಗಲಿ ಸೀಮೆಯ ಕುರುವತ್ತಿಯಲ್ಲಿ ೧೦೬೮ರಲ್ಲಿ ತುಂಗಭದ್ರೆಯನ್ನು ಹೊಕ್ಕು ದೇಹತ್ಯಾಗ ಮಾಡಿದ ‘ಆಹವಮಲ್ಲ’ನಾದರೋ ಮೊದಲನೆಯ ಸೋಮೇಶ್ವರ. ಬಿರುದು ಒಂದೇ, ಅರಸರು ಇಬ್ಬರು, ನಡುವೆ ಎಂಬತ್ತು ವರ್ಷಗಳ ಅಂತರ. ಬಿರುದನ್ನು ಮಾತ್ರ ಕಂಡು ಅರಸನನ್ನು ನಿರ್ಣಯಿಸಿದರೆ ಬಾಗಳಿಯ ಗುಡಿ ಒಂದು ಶತಮಾನದಿಂದ ಇನ್ನೊಂದಕ್ಕೆ ಜಾರಿಬಿಡುತ್ತದೆ.

ಸೋಮೇಶ್ವರನ ಅಂತ್ಯದ ಪ್ರಸಂಗದಲ್ಲಿಯೇ ಇನ್ನೊಂದು ಪಾಠವಿದೆ. ಆ ಪ್ರಸಂಗವನ್ನು ಎಲ್ಲರೂ ಬಿಲ್ಹಣನ ‘ವಿಕ್ರಮಾಂಕದೇವಚರಿತ’ದಿಂದ ಉದಾಹರಿಸುವುದು ವಾಡಿಕೆ. ಬಿಲ್ಹಣನು ತುಂಗಭದ್ರೆಯನ್ನು ವರ್ಣಿಸಿದ್ದಾನೆ, ನಿಜ. ಆದರೆ ಕುರುವತ್ತಿಯೆಂಬ ಸ್ಥಳನಿರ್ದೇಶ ನಮಗೆ ದೊರೆಯುವುದು ಶಿಕಾರಿಪುರ ತಾಲ್ಲೂಕಿನ ಶಾಸನದಿಂದ. ಕಾವ್ಯ ಹೇಳಿದ್ದು ಯಾವುದು, ಶಾಸನ ಹೇಳಿದ್ದು ಯಾವುದು ಎಂದು ಬೇರ್ಪಡಿಸಿ ತೋರಿಸದಿದ್ದರೆ ಇತಿಹಾಸಕಾರನಿಗೂ ಪುರಾಣಿಕನಿಗೂ ಏನು ವ್ಯತ್ಯಾಸ?

ಕೋಗಳಿಯ ಬಸದಿಯ ವಿಷಯವೂ ಇಂಥದೇ. ಅದನ್ನು ಗಂಗ ದುರ್ವಿನೀತನು ಕಟ್ಟಿಸಿದನೆಂದು ಅಲ್ಲಿಯ ಹನ್ನೊಂದನೆಯ ಶತಮಾನದ ಶಾಸನ ಹೇಳುತ್ತದೆ. ದುರ್ವಿನೀತನು ಅದಕ್ಕೆ ಸುಮಾರು ಐದು ಶತಮಾನಗಳಷ್ಟು ಹಿಂದಿನವನು. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿಯ ಜನ ಹಾಗೆ ನಂಬಿದ್ದರೆಂಬುದಕ್ಕೆ ಆ ಶಾಸನ ಬಲವಾದ ಸಾಕ್ಷಿ. ದುರ್ವಿನೀತನ ಕಾಲದಲ್ಲಿ ಬಸದಿ ಎದ್ದಿತೆಂಬುದಕ್ಕೆ ಅದು ಸಮಕಾಲೀನ ಸಾಕ್ಷಿಯಲ್ಲ. ಈ ಎರಡು ವಾಕ್ಯಗಳ ನಡುವಣ ಅಂತರವನ್ನು ಕಾಯುವುದಕ್ಕೆ ವಿಶೇಷ ಪಾಂಡಿತ್ಯ ಬೇಕಿಲ್ಲ, ಸಾವಧಾನ ಬೇಕು. ವಿಜಯನಗರದ ಅರಮನೆ ಗುಡಿಗಳಿಗೆ ಹೂವನ್ನು ಕಳುಹಿಸುತ್ತಿದ್ದುದರಿಂದ ಹಡಗಲಿಗೆ ‘ಹೂವಿನ’ ಎಂಬ ವಿಶೇಷಣ ಬಂದಿತೆಂಬ ಐತಿಹ್ಯವನ್ನೂ ಹೀಗೆಯೇ ಐತಿಹ್ಯವೆಂದು ಹೇಳಿ ಬರೆಯಬೇಕು, ಶಾಸನೋಕ್ತಿಯೆಂಬಂತೆ ಬರೆಯಬಾರದು.

೪

ಕಾಲಗಣನೆಯಲ್ಲಿಯೂ ಆತುರ ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂಬುದು ಶಾಲೆಯ ಬಾಲಕನಿಗೂ ಗೊತ್ತು. ಆದರೆ ಪುಷ್ಯದ ಕೊನೆಯಲ್ಲಿ, ಮಾಘ ಫಾಲ್ಗುಣಗಳಲ್ಲಿ ಹುಟ್ಟಿದ ಶಾಸನಕ್ಕೆ ೭೯ನ್ನು ಕೂಡಿಸಬೇಕಾಗುತ್ತದೆ. ಶಾಸನದಲ್ಲಿರುವ ವರ್ಷ ಗತವೋ ವರ್ತಮಾನವೋ, ಸಂವತ್ಸರದ ಹೆಸರು ಅದಕ್ಕೆ ಹೊಂದುತ್ತದೆಯೋ ಇಲ್ಲವೋ, ತಿಥಿಗೂ ವಾರಕ್ಕೂ ಸಮನ್ವಯವುಂಟೋ ಎಂಬುದನ್ನೂ ನೋಡಬೇಕು. ಇದಕ್ಕೆಂದೇ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ೧೯೨೨ರಲ್ಲಿ ಪಂಚಾಂಗ ಕೋಷ್ಟಕಗಳ ಬೃಹತ್ ಗ್ರಂಥವನ್ನು ಹೊರತಂದರು. ಒಂದು ತೇದಿಯನ್ನು ಅದರಲ್ಲಿ ಪರೀಕ್ಷಿಸಲು ಒಂದು ಗಳಿಗೆ ಸಾಕು. ಆ ಗಳಿಗೆಯನ್ನು ಉಳಿಸಿದವನು ಶಾಸನವನ್ನು ಒಂದು ವರ್ಷ ತಪ್ಪಿಸುತ್ತಾನೆ.

ಆಧುನಿಕ ಕಾಲದ ಇತಿಹಾಸದಲ್ಲಿ ಎಡವುವ ಸ್ಥಳ ಜಿಲ್ಲೆಯ ಎಲ್ಲೆ. ೧೮೦೦ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತಮಂಡಲಕ್ಕೆ ಈ ಭಾಗ ಸೇರಿತ್ತು. ಮನ್ರೋ ಅದರ ಮುಖ್ಯ ಕಲೆಕ್ಟರನಾಗಿದ್ದನು. ೧೯೦೪ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಗೆಜೆಟಿಯರಿನ ‘ಬಳ್ಳಾರಿ ಜಿಲ್ಲೆ’ಯಲ್ಲಿ ಆದವಾನಿ, ಆಲೂರು, ರಾಯದುರ್ಗಗಳೂ ಸೇರಿದ್ದವು. ೧೯೫೩ರ ಅಕ್ಟೋಬರ್ ೧ರಂದು ಆ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಮಿಕ್ಕವು ಮೈಸೂರಿಗೆ ಬಂದವು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಗೆ ಬಂದಿತು. ಹೀಗಿರುವಲ್ಲಿ ಗೆಜೆಟಿಯರಿನ ಜಿಲ್ಲಾ ಅಂಕಿಗಳನ್ನು ಇಂದಿನ ಜಿಲ್ಲಾ ಅಂಕಿಗಳ ಪಕ್ಕದಲ್ಲಿಟ್ಟು ಏರಿಕೆ ಇಳಿಕೆಗಳನ್ನು ಲೆಕ್ಕ ಹಾಕುವುದು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಹರಪನಹಳ್ಳಿಯನ್ನು ಇಂದಿಗೂ ದಾವಣಗೆರೆ ಜಿಲ್ಲೆಯದೆಂದು ಬರೆದ ಪ್ರಬಂಧವನ್ನು ಕಂಡರೆ, ಅದರ ಪುಟಗಳು ೨೦೧೮ಕ್ಕೆ ಹಿಂದಿನ ಯಾವುದೋ ಬರಹದಿಂದ ನಡೆದು ಬಂದಿವೆಯೋ ಎಂಬ ಅನುಮಾನ ಓದುಗನಿಗೆ ಸಹಜವಾಗಿ ಹುಟ್ಟುತ್ತದೆ.

೫

ಈ ಭಾಗದ ಮೇಲೆ ನಮ್ಮ ಹಿಂದಿನವರು ಕೆಲಸ ಮಾಡಿದ ರೀತಿ ಎಂಥದು? ಕೆಲ್ಸಾಲನ ಬಳ್ಳಾರಿ ಜಿಲ್ಲೆಯ ಕೈಪಿಡಿ ೧೮೭೨ರದು. ಅಲೆಕ್ಸಾಂಡರ್ ರೀ ಬಾಗಳಿ, ಹಡಗಲಿ, ಮಾಗಳ, ಕುರುವತ್ತಿ, ನೀಲಗುಂದ ಮೊದಲಾದೆಡೆಗಳ ಗುಡಿಗಳನ್ನು ಅಳೆದು ಬರೆಸಿ, ೧೮೯೬ರಲ್ಲಿ ಚಾಳುಕ್ಯ ವಾಸ್ತುವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ವಿ. ರಂಗಾಚಾರ್ಯರು ೧೯೧೯ರಲ್ಲಿ ಮದರಾಸು ಪ್ರಾಂತದ ಶಾಸನಗಳ ಸ್ಥಳವಾರು ಪಟ್ಟಿಯನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿದರು. ಆರ್. ಶಾಮಾಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಸಂಪಾದಿಸಿದ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗ ೧೯೩೯ರಲ್ಲಿ ಅಚ್ಚಾಯಿತು. ಅದರ ಸಾಮಗ್ರಿ ಮಾತ್ರ ಎಷ್ಟೋ ವರ್ಷಗಳಿಂದ ಊರೂರು ಅಲೆದು ಎತ್ತಿದ ಪಡಿಯಚ್ಚುಗಳದು. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳನ್ನು ಹೊರತಂದಿತಲ್ಲದೆ, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥವನ್ನೂ ಪ್ರಕಟಿಸಿತು.

ಇಷ್ಟು ಕೆಲಸ ಮುಂದಿರುವಾಗ ಹೊಸ ಪ್ರಬಂಧಕಾರನ ಮೊದಲ ಕರ್ತವ್ಯವೇನೆಂಬುದು ಸ್ಪಷ್ಟ. ತಾನು ಕಂಡ ಶಾಸನ ಈ ಪಟ್ಟಿಗಳಲ್ಲಿ ಉಂಟೋ ಇಲ್ಲವೋ ಎಂಬುದನ್ನು ನೋಡಬೇಕು. ಇದೂ ಸುಲಭವಲ್ಲ. ೧೯೩೯ರ ಸಂಪುಟದ ಕಾಲಕ್ಕೆ ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳು ತಾಲ್ಲೂಕುಗಳೇ ಆಗಿರಲಿಲ್ಲ. ಅವುಗಳ ಊರುಗಳನ್ನು ಅಂದಿನ ತಾಲ್ಲೂಕುಗಳ ಹೆಸರಿನಡಿಯಲ್ಲಿ ಅರಸಬೇಕು. ಹುಡುಕುವುದರಲ್ಲಿ ಸೋತವನು ಎಂಬತ್ತು ವರ್ಷಗಳ ಹಿಂದೆಯೇ ಅಚ್ಚಾದುದನ್ನು ‘ಅಪ್ರಕಟಿತ’ವೆಂದು ಘೋಷಿಸುವ ಸಂಭವವುಂಟು.

ಆದರೆ ಹಿಂದಿನವರ ನಿಧಾನವನ್ನೆಲ್ಲ ಗುಣವೆಂದು ಹೊಗಳುವುದೂ ಸಲ್ಲದು. ಪಡಿಯಚ್ಚು ತೆಗೆದ ಶಾಸನಗಳೆಲ್ಲ ಅಚ್ಚಾಗಿಲ್ಲ. ಅಚ್ಚಿಗಾಗಿ ಕಾದಿರುವಾಗ ಕಲ್ಲು ಕಾದುಕೊಂಡು ಕೂಡುವುದಿಲ್ಲ. ೧೯೫೩ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಅಣೆಕಟ್ಟಿಲ್ಲದ ಊರುಗಳಲ್ಲಿಯೂ ನಾಶ ನಡೆದೇ ಇದೆ: ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಬಣ್ಣ ಬಳಿಯುವುದು, ನೆಲಕ್ಕೆ ಹೊಸ ಕಲ್ಲು ಹಾಸುವಾಗ ಹಳೆಯದನ್ನು ಬೋರಲು ಹಾಕುವುದು, ರಸ್ತೆ ಅಗಲವಾಗುವಾಗ ವೀರಗಲ್ಲು ಮಣ್ಣಿನಡಿ ಸೇರುವುದು. ಆದಕಾರಣ ‘ಅವಸರ ಬೇಡ’ ಎಂಬ ಒಂದೇ ಉಪದೇಶದಿಂದ ನಮ್ಮ ಸಮಸ್ಯೆ ತೀರುವುದಿಲ್ಲ. ವರದಿ ಬೇಗ ಬರಬೇಕು, ನಿರ್ಣಯ ನಿಧಾನವಾಗಿ ಬರಬೇಕು. ಇಂದು ಆಗುತ್ತಿರುವುದು ಇದರ ವಿಪರ್ಯಾಸ: ನಿರ್ಣಯಗಳು ರಾತ್ರೋರಾತ್ರಿ ಹುಟ್ಟುತ್ತವೆ, ಕಲ್ಲಿನ ವರದಿ ಹುಟ್ಟುವುದೇ ಇಲ್ಲ.

೬

ಅಧ್ಯಾಪಕರು ಹೀಗೇಕೆ ಬರೆಯುತ್ತಾರೆ? ಸೋಮಾರಿತನವೆಂದು ಹೇಳಿ ಮುಗಿಸುವುದು ಅನ್ಯಾಯ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೦ರ ನಿಯಮಾವಳಿ ಸಮ್ಮೇಳನದ ಪ್ರಬಂಧಕ್ಕೆ ಅಂಕ ಕೊಡುವ ಕ್ರಮವನ್ನು ತಂದಿತು. ೨೦೧೮ರ ನಿಯಮಾವಳಿಯಲ್ಲಿ ವಿದೇಶದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ೭, ದೇಶದೊಳಗಿನದಕ್ಕೆ ೫, ರಾಷ್ಟ್ರೀಯಕ್ಕೆ ೩, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಕ್ಕೆ ೨ ಎಂದು ನಿಗದಿಯಾಯಿತು. ೨೦೧೬ರ ಪಿಎಚ್.ಡಿ. ನಿಯಮಗಳು ಮಹಾಪ್ರಬಂಧ ಸಲ್ಲಿಸುವ ಮುನ್ನ ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಿರಬೇಕೆಂದು ವಿಧಿಸಿದವು. ೨೦೨೨ರ ನಿಯಮಗಳು ಆ ಕಡ್ಡಾಯವನ್ನು ಕೈಬಿಟ್ಟವು. ಅಂಕ ಬಂದುದು ಸಭೆಯ ಮಟ್ಟಕ್ಕೆ, ಪ್ರಬಂಧದ ಸತ್ತ್ವಕ್ಕಲ್ಲ. ಕೋಗಳಿಯಲ್ಲಿ ಒಂದು ತಿಂಗಳು ಕಳೆದು ಬರೆದದ್ದಕ್ಕೂ ಒಂದು ಸಂಜೆಯಲ್ಲಿ ಹೊಲಿದದ್ದಕ್ಕೂ ಒಂದೇ ಬೆಲೆ ಎಂದಾಗ ಮನುಷ್ಯಸ್ವಭಾವ ಯಾವುದನ್ನು ಆರಿಸೀತೆಂದು ಬೇರೆ ಹೇಳಬೇಕಿಲ್ಲ. ಇದರ ಮೇಲೆ ಹಳ್ಳಿಗಾಡಿನ ಕಾಲೇಜುಗಳ ಪಾಠದ ಹೊರೆ, ಅತಿಥಿ ಉಪನ್ಯಾಸಕರ ಅನಿಶ್ಚಿತ ಬದುಕು, ಒಳ್ಳೆಯ ಗ್ರಂಥಾಲಯದ ಅಭಾವ ಇವೆಲ್ಲ ಸೇರಿವೆ. ಶಾಸನ ಸಂಪುಟಗಳಲ್ಲಿ ಹಲವು ಇಂದು ಅಂತರಜಾಲದಲ್ಲಿ ದೊರೆಯುವುದರಿಂದ ಕೊನೆಯ ಕೊರತೆ ಮಾತ್ರ ಕೊಂಚ ತಗ್ಗಿದೆ.

ಸಂಘಟಕರ ಪಾಲೂ ಕಡಿಮೆಯಲ್ಲ. ಹಲವೆಡೆ ಪ್ರಬಂಧಗಳ ಸಂಪುಟ ಉದ್ಘಾಟನೆಯ ದಿನವೇ ಬಿಡುಗಡೆಯಾಗುತ್ತದೆ. ಎಂದರೆ, ಯಾರೂ ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ ಪ್ರಬಂಧ ಅಚ್ಚಾಗಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ. ಆಮೇಲೆ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ‘ಬಾಗಳಿಯ ಆಹವಮಲ್ಲ ಸೋಮೇಶ್ವರನಲ್ಲ’ ಎಂದು ತಿದ್ದಿದರೂ ಆ ತಿದ್ದುಪಡಿ ಸಭೆಯ ಗಾಳಿಯಲ್ಲಿ ಹೋಗುತ್ತದೆ. ಅಚ್ಚಾದ ತಪ್ಪು ಮುಂದಿನ ವರ್ಷದ ಪ್ರಬಂಧಕ್ಕೆ ಆಧಾರವಾಗುತ್ತದೆ. ತಪ್ಪು ತಪ್ಪಿಗೆ ಸಾಕ್ಷಿ ನಿಲ್ಲುವ ಪರಂಪರೆ ಹೀಗೆ ಬೆಳೆಯುತ್ತದೆ. ಇದರ ನಷ್ಟ ತಟ್ಟುವುದು ವಿದ್ವಾಂಸರಿಗಲ್ಲ, ಆ ಸಂಪುಟವನ್ನು ನಂಬಿ ಓದುವ ವಿದ್ಯಾರ್ಥಿಗೆ.

೭

ಬೇರೆ ಶಾಸ್ತ್ರಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಬಿಡಿಸಿದ್ದಾರೆಂಬುದನ್ನು ನೋಡುವುದು ಪ್ರಯೋಜನಕರ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನಂಥ ವೈದ್ಯಕೀಯ ಸಂಸ್ಥೆಗಳ ಸಮ್ಮೇಳನಗಳಲ್ಲಿ ‘ಲೇಟ್ ಬ್ರೇಕಿಂಗ್’ ಎಂಬ ಪ್ರತ್ಯೇಕ ವಿಭಾಗವಿರುತ್ತದೆ. ದ್ಯುತಿತಂತು ಸಂಪರ್ಕವನ್ನು ಕುರಿತ ಅಮೆರಿಕದ ವಾರ್ಷಿಕ ಸಮ್ಮೇಳನದಲ್ಲಿ ‘ಪೋಸ್ಟ್ ಡೆಡ್‌ಲೈನ್’ ಪ್ರಬಂಧಗಳಿಗೆಂದೇ ಗೋಷ್ಠಿಯುಂಟು. ಅದರಲ್ಲಿ ಸ್ಥಾನ ಪಡೆಯುವುದು ಗೌರವದ ಸಂಗತಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ವಿಭಾಗಗಳು ತಡಮಾಡಿದವರಿಗೆ ಕೊಟ್ಟ ರಿಯಾಯಿತಿಯಲ್ಲ. ಕೆಲಸ ಮೊದಲೇ ನಡೆದಿದ್ದು, ಫಲಿತಾಂಶ ಮಾತ್ರ ಸಾಮಾನ್ಯ ಗಡುವಿನ ಹೊತ್ತಿಗೆ ಕೈಸೇರದೆ ಹೋದಾಗ, ಆ ಫಲಿತಾಂಶದ ಮಹತ್ತ್ವವನ್ನು ಬೇರೆಯಾಗಿ ಪರೀಕ್ಷಿಸಿ ಒಳಬಿಡುವ ಬಾಗಿಲು ಅದು. ತಡವಾಗಿ ಬಂದದ್ದಕ್ಕೆ ಪರೀಕ್ಷೆ ಹೆಚ್ಚು ಬಿಗಿ.

ನಮ್ಮ ಇತಿಹಾಸ ಸಮ್ಮೇಳನಗಳೂ ಇಂಥ ಒಂದು ‘ಹೊಸ ಶೋಧಗಳ ಗೋಷ್ಠಿ’ಯನ್ನು ಏರ್ಪಡಿಸುವುದು ಉಚಿತವೆಂದು ತೋರುತ್ತದೆ. ಗಡುವಿನ ಬಳಿಕ ದೊರೆತ ಶಾಸನವನ್ನೋ ವೀರಗಲ್ಲನ್ನೋ ಕಾಗದಪತ್ರವನ್ನೋ ಕುರಿತು ಎರಡೇ ಪುಟಗಳ ವರದಿಯನ್ನು ಅಲ್ಲಿ ಸ್ವೀಕರಿಸಬಹುದು. ನಿಬಂಧನೆಗಳು ನಾಲ್ಕು ಸಾಕು. ಮೊದಲನೆಯದು, ವಸ್ತು ಯಾವ ಊರಿನ ಯಾವ ಸ್ಥಳದಲ್ಲಿದೆ, ಲೇಖಕನು ಅದನ್ನು ಎಂದು ಕಂಡನು ಎಂಬುದರ ನಿರ್ದೇಶ. ಎರಡನೆಯದು, ಛಾಯಾಚಿತ್ರ ಅಥವಾ ಪಡಿಯಚ್ಚಿನೊಡನೆ ಪಂಕ್ತಿವಾರು ಪಾಠ. ಅಳಿದ ಅಕ್ಷರಗಳನ್ನು ಊಹೆಯಿಂದ ತುಂಬದೆ ಅಳಿದಿವೆಯೆಂದೇ ತೋರಿಸುವುದು. ಮೂರನೆಯದು, ರಂಗಾಚಾರ್ಯರ ಪಟ್ಟಿ, ಒಂಬತ್ತನೆಯ ಸಂಪುಟ, ಕನ್ನಡ ವಿಶ್ವವಿದ್ಯಾಲಯದ ಸಂಪುಟ ಇವುಗಳನ್ನು ನೋಡಿದ್ದಾಯಿತೆಂಬ ಹೇಳಿಕೆ. ನಾಲ್ಕನೆಯದು, ವರದಿಗೆ ಮೀರಿದ ಸಿದ್ಧಾಂತಗಳನ್ನು ಮುಂದಿನ ವರ್ಷದ ಪ್ರಬಂಧಕ್ಕೆ ಕಾದಿರಿಸುವುದು. ಹೊಸ ಸಾಮಗ್ರಿಯಿಲ್ಲದೆ ತಡವಾಗಿ ಬಂದ ಪ್ರಬಂಧವನ್ನು ಮರ್ಯಾದೆಯಿಂದ ಹಿಂತಿರುಗಿಸಬೇಕು. ಸಂಪುಟವನ್ನಂತೂ ಚರ್ಚೆ ಮುಗಿದ ಮೇಲೆ, ಚರ್ಚೆಯ ಸಾರಾಂಶದೊಡನೆ ಅಚ್ಚುಮಾಡಬೇಕು.

ಇದಕ್ಕೊಂದು ಆಕ್ಷೇಪ ಬರಬಹುದು: ಚರ್ಚೆಯ ಬಳಿಕವೆಂದರೆ ಸಂಪುಟ ಎಂದೂ ಹೊರಬರುವುದಿಲ್ಲ, ಸಮ್ಮೇಳನದ ಉತ್ಸಾಹ ತಣಿದ ಮೇಲೆ ಹಣವೂ ದೊರೆಯುವುದಿಲ್ಲ ಎಂದು. ಆಕ್ಷೇಪ ನಿರಾಧಾರವಲ್ಲ. ಆದರೆ ಒಂದು ವರ್ಷ ತಡವಾದ ಸಂಪುಟದಿಂದ ಆಗುವ ಹಾನಿ ಒಂದು ವರ್ಷದ್ದು. ತಪ್ಪಿನ ಸಂಪುಟದಿಂದ ಆಗುವ ಹಾನಿಗೆ ಅವಧಿಯಿಲ್ಲ.

೮

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಐದು ತಾಲ್ಲೂಕುಗಳಿಂದ ಕಾಲೇಜಿಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಊರಿದೆ. ಆ ಊರಿನ ಗುಡಿಯ ಮುಂದಿನ ಕಲ್ಲು, ಕೆರೆಯ ತೂಬು, ಹಾಳುಬಿದ್ದ ಕೋಟೆಯ ಬಾಗಿಲು, ಹೊಲದ ನಡುವಣ ಮಾಸ್ತಿಕಲ್ಲು ಇವುಗಳ ಪಟ್ಟಿಯೊಂದನ್ನು ವರ್ಷದ ಆರಂಭದಲ್ಲಿಯೇ ಬರೆದಿಡಲಿ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರನ್ನು ಕುರಿತು ಮನೆಗಳಲ್ಲಿ ಉಳಿದಿರುವ ಕಾಗದಗಳನ್ನು ಕೇಳಿ ನೋಡಲಿ. ಮುಳುಗಡೆಯ ಊರುಗಳಲ್ಲಿ ಹುಟ್ಟಿ ಬೆಳೆದ ಹಿರಿಯರು ಇನ್ನೂ ಕೆಲವರು ನಮ್ಮೊಡನಿದ್ದಾರೆ; ಅವರ ಮಾತುಗಳನ್ನು ತೇದಿ ಸಹಿತ ಬರೆದುಕೊಳ್ಳಲಿ. ೧೯೫೩ಕ್ಕೆ ಹಿಂದಿನ ಜಿಲ್ಲಾ ದಾಖಲೆಗಳನ್ನು ಅರಸುವವರು ಚೆನ್ನೈಯ ಪತ್ರಾಗಾರದ ದಾರಿಯನ್ನೂ ತಿಳಿದಿರಲಿ. ಇಷ್ಟು ಕೈಯಲ್ಲಿದ್ದರೆ ಆಹ್ವಾನಪತ್ರಿಕೆ ಎಷ್ಟೇ ತಡವಾಗಿ ಬಂದರೂ ಹೆದರಬೇಕಾಗಿಲ್ಲ. ಗಡುವು ಬರವಣಿಗೆಗೆ ಸಂಬಂಧಿಸಿದ್ದು, ಅದು ಒಂದು ರಾತ್ರಿಯಲ್ಲಿ ಮುಗಿಯಬಹುದು. ಸಂಶೋಧನೆಯನ್ನು ಮಾತ್ರ ಗಡುವು ಗೊತ್ತಾಗುವ ಮೊದಲೇ ತೊಡಗಿರಬೇಕು.